ಬರಿದಾಗಿ ಬಾರದ ಬಟ್ಟಲು

ಮೊನ್ನೆ ಹಿಂಬದಿಯ ಮನೆಯ ಹುಡುಗಿಯ ಕೈಲಿ ಸಾರು ಕೊಟ್ಟು ಕಳಿಸಿದ್ದೆ. ಬಟ್ಟಲು ತೊಳೆದು ವಾಪಸ್ ತಂದಳು; ತಳದಲ್ಲಿ ಒಂದು ಚಿಟಿಕೆ ಸಕ್ಕರೆ. ಬರಿ ಬಟ್ಟಲು ಹಿಂದಿರುಗಿಸಬಾರದೆಂದು ಅವಳಮ್ಮ ಕಲಿಸಿರಬೇಕು. ಒಳ್ಳೆಯ ಬುದ್ಧಿಯೇ. ಆದರೆ ಆ ಬಿಳುಪು ಕಂಡದ್ದೇ ಹಳೆಯ ಬಟ್ಟಲೊಂದು ನೆನಪಾಯಿತು...

ಮಧುಗಿರಿಯಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲಕ್ಕೆ, ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ, ಆದರೂ ಅಕ್ಕನೇ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನಡುಗೋಡೆಯ ಮೇಲೆ ನಮ್ಮಿಬ್ಬರ ಬಟ್ಟಲುಗಳು ದಿನವೂ ಓಡಾಡುತ್ತಿದ್ದವು. ನಾನು ಹುಳಿ ಕೊಟ್ಟರೆ ಅದರಲ್ಲಿ ಹುರಿಗಡಲೆ ಬರುತ್ತಿತ್ತು. ಏನೂ ಇಲ್ಲದ ದಿನ ಹಸಿಮೆಣಸಿನಕಾಯಿ. ಬರಿದಾಗಿ ಮಾತ್ರ ಎಂದೂ ಬಂದದ್ದಿಲ್ಲ.

ಒಂದು ಚಳಿಗಾಲ ಅವಳಿಗೆ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು ಸಲ್ಫಾ ಮಾತ್ರೆ ಕೊಟ್ಟರು. ಆಗ ಅದು ಹೊಸ ಔಷಧಿ, ಸುಲಭಕ್ಕೆ ಸಿಗುತ್ತಿರಲಿಲ್ಲ. "ಜ್ವರ ಬಿಟ್ಟರೂ ನಿಲ್ಲಿಸಬೇಡಿ, ಎಲ್ಲಾ ಮುಗಿಸಿ" ಎಂದು ನನ್ನೆದುರೇ ಹೇಳಿದ್ದರು. ಜ್ವರ ಬೇಗನೆ ಇಳಿಯಿತು. ನಾನು ಗೋಡೆಯ ಮೇಲಿಂದ ಗಂಜಿ ಕೊಟ್ಟು, ನನ್ನ ಮಗುವಿಗೆ ನೆಗಡಿ, ನಿದ್ದೆಯಿಲ್ಲ ಎಂದು ಗೊಣಗಿದೆ. ಬಟ್ಟಲು ಹಿಂದೆ ಬಂದಾಗ ಉಳಿದ ಬಿಳಿ ಮಾತ್ರೆಗಳೆಲ್ಲ ಅದರ ತಳದಲ್ಲಿದ್ದವು.

"ಬರೀ ಬಟ್ಲು ಹೆಂಗ್ ಕೊಡ್ಲಿ ಕಣಮ್ಮ? ಮನೇಲಿ ಇನ್ನೇನೂ ಇಲ್ಲ. ನಂಗೆ ವಾಸಿಯಾಯ್ತು, ಮಗೀಗೆ ತೇದು ಕುಡಿಸ್ಬುಡು."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅಪರೂಪದ ಔಷಧಿ ಕೈಗೆ ಬಂತೆಂದು ಖುಷಿಯೇ ಆಯಿತು. ಬಜೆ ತೇಯುವ ಕಲ್ಲಿನ ಮೇಲೆ ಜೇನುತುಪ್ಪದಲ್ಲಿ ತೇದು ಕುಡಿಸಿದೆ. ತಾನಾಗಿಯೇ ಹೋಗುವ ನೆಗಡಿ ಹೋಯಿತು.

ಅಕ್ಕನ ಜ್ವರ ಮರುಕಳಿಸಿತು. ಡಾಕ್ಟರು ಮತ್ತೆ ಬಂದು, ಮಾತ್ರೆಯೆಲ್ಲ ತೆಗೆದುಕೊಂಡಿರಾ ಎಂದು ಕೇಳಿದರು. ಏದುಸಿರಿನಲ್ಲೇ ಅವಳು ನನ್ನ ಕಡೆ ನೋಡಿ, "ಎಲ್ಲಾ ನುಂಗ್ದೆ ಸ್ವಾಮಿ" ಅಂದಳು. ನನ್ನನ್ನು ಬೈಗುಳದಿಂದ ಉಳಿಸಲು ಆಡಿದ ಸುಳ್ಳು. ನಾನು ಬಾಗಿಲಿಗೊರಗಿ ಮಗುವನ್ನು ತಟ್ಟುತ್ತ ನಿಂತಿದ್ದೆ. ಹಾಗಾದರೆ ಈ ಔಷಧಿ ನಾಟಲಿಲ್ಲ ಎಂದುಕೊಂಡು ಡಾಕ್ಟರು ಅದನ್ನು ಕೈಬಿಟ್ಟರು. ಕೆಮ್ಮಿಗೆ ಮಿಕ್ಸ್ಚರು ಬರೆದು, ಎದೆಗೆ ಶಾಖ ಕೊಡಲು ಹೇಳಿ ಹೋದರು. ನಾನೊಂದು ಮಾತು ಆಡಿದ್ದರೆ ತುಮಕೂರಿನಿಂದಲಾದರೂ ಮಾತ್ರೆ ತರಿಸುತ್ತಿದ್ದರೇನೋ... ಡಾಕ್ಟರು ಬೈದಾರು, ಮನೆಯಲ್ಲಿ ನಮ್ಮವರು ಬೈದಾರು ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಆ ವಾರ ಕಳೆಯುವುದರೊಳಗೆ ಅಕ್ಕ ಹೋದಳು.

ಆ ಮಗು ಈಗ ತಲೆ ನರೆತ ಗಂಡಸು. ಅವನಿಗೆ ಇದೊಂದೂ ಗೊತ್ತಿಲ್ಲ. ಅಕ್ಕನ ಬಟ್ಟಲೊಂದು ನಮ್ಮ ಮನೆಯಲ್ಲೇ ಉಳಿದುಹೋಯಿತು. ತುಂಬಿಸಿ ಕೊಡೋಣವೆಂದರೆ ಗೋಡೆಯಾಚೆ ಯಾರಿದ್ದರು?

ಸಕ್ಕರೆ ತಂದ ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಇನ್ಮೇಲೆ ಬರೀ ಬಟ್ಲೇ ತಂದ್ಕೊಡು ಕಣಮ್ಮ" ಅಂದೆ. ಅಂದು ಗೋಡೆಯ ಮೇಲಿಂದ ಅಕ್ಕನಿಗೆ ಹೇಳಬೇಕಿದ್ದ ಮಾತು ಅದು.

ಹುಡುಗಿಯ ಮುಖ ಸಣ್ಣಗಾಯಿತು. "ಯಾಕಜ್ಜಿ, ಸಕ್ಕರೆ ಕಮ್ಮಿಯಾಯ್ತಾ?"