ಸೊಂಟದ ಕೆಳಗಿನ ಉಣ್ಣೆ

ನಾವು ತೊಡುವ ಬಟ್ಟೆಗಳಲ್ಲಿ ಪರರ ಕಣ್ಣಿಗಲ್ಲದೆ ಕೇವಲ ನಮಗಾಗಿ ಕೊಳ್ಳುವಂಥದ್ದು ಒಳಉಡುಪೊಂದೇ ಇರಬೇಕು. ಅದಕ್ಕೇ ಅದು ಎಷ್ಟು ತೂತಾದರೂ ಬಿಸಾಡಲು ಮನಸ್ಸಾಗುವುದಿಲ್ಲ, ಎಷ್ಟು ಹೊಸದಾಗಿದ್ದರೂ ಟವೆಲಿನ ಮರೆಯಲ್ಲಲ್ಲದೆ ಒಣಗಿಸುವ ಧೈರ್ಯವೂ ಬರುವುದಿಲ್ಲ. ಇತಿಹಾಸ ಕಲಿಸಿ ನಿವೃತ್ತನಾಗಿ ಚಿಕ್ಕೋಡಿಯಲ್ಲೇ ಉಳಿದುಬಿಟ್ಟ ನನ್ನಂಥವನು ಸಾಮ್ರಾಜ್ಯಗಳ ಏಳುಬೀಳು ಬಿಟ್ಟು ಚಡ್ಡಿಯ ತತ್ತ್ವಜ್ಞಾನಕ್ಕೆ ಇಳಿದಿದ್ದಾನೆಂದರೆ, ಬಿಡುವು ಎಷ್ಟು ಅಪಾಯಕಾರಿ ಎಂಬುದನ್ನು ನೀವೇ ಊಹಿಸಿ.

ಇಳಿದದ್ದಕ್ಕೆ ಕಾರಣ ಚಳಿ. ನಸುಕಿನಲ್ಲಿ ಊರ ಹೊರಗಿನ ದಿಬ್ಬ ಹತ್ತಿ ಇಳಿಯುವುದು ನನ್ನ ಚಟ. ಮನೆಯಲ್ಲಿ ಕುಳಿತರೆ ಯೋಚನೆಗಳು ಮೈಮೇಲೆ ಬರುತ್ತವೆ, ನಡೆದರೆ ಕೊಂಚ ಹಿಂದೆ ಉಳಿಯುತ್ತವೆ. ಈ ಸಲ ದೀಪಾವಳಿ ಮುಗಿದದ್ದೇ ಮೊಣಕಾಲಿಗೆ ಥಂಡಿ ಹೊಕ್ಕು ಕೂತಿತು. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಮೆರಿನೋ ಎಂಬ ಕುರಿಯ ಉಣ್ಣೆಯಿಂದ ನೇಯ್ದ ಒಳಪೈಜಾಮ. ಚುಚ್ಚುವುದಿಲ್ಲ, ಒದ್ದೆಯಾದರೂ ಬೆಚ್ಚಗಿರುತ್ತದೆ, ದಿನಗಟ್ಟಲೆ ತೊಳೆಯದಿದ್ದರೂ ವಾಸನೆ ಹಿಡಿಯುವುದಿಲ್ಲ ಎಂದು ಅದರ ಗುಣಗಾನ. ಸಂದೇಹ ನನ್ನ ಕಸುಬು; ಆದರೂ ತರಿಸಿ ತೊಟ್ಟೆ. ಹೇಳಿದ್ದೆಲ್ಲ ನಿಜವಾಗಿತ್ತು. ಸಂದೇಹವಾದಿಗೆ ಇದಕ್ಕಿಂತ ದೊಡ್ಡ ನಿರಾಸೆಯಿಲ್ಲ.

ಜೊತೆಗೆ ನಡೆಯುವ ಕೋರ್ಟಿನ ವಕೀಲರೊಬ್ಬರಿಗೆ ಇದನ್ನು ಹೇಳಿದ್ದು ತಪ್ಪಾಯಿತು. ಮರುದಿನದಿಂದ ಅವರು ನನ್ನಿಂದ ಒಂದು ಮಾರು ದೂರದಲ್ಲಿ ನಡೆಯತೊಡಗಿದರು. “ನಾತ ಹೊಡಿಯೂದಿಲ್ಲಂತ ನೀವು ಹೇಳ್ತೀರಿ ಸರ್. ಆದ್ರ ಸಾಕ್ಷಿ ಯಾರ್ರೀ?”

ನಗುವ ಹಕ್ಕು ಅವರಿಗಿತ್ತು, ನನಗಿರಲಿಲ್ಲ. ಏಕೆಂದರೆ ನಾನು ಅಥಣಿ ಕಡೆಯ ಐಗಳಿಯ ಕುರಿಗಾರರ ಮನೆಯ ಮಗ. ನಮ್ಮ ಕುರಿಗಳ ಉಣ್ಣೆ ಒರಟು. ಕಂಬಳಿಗಾದರೂ ಆಗುತ್ತಿದ್ದ ಅದನ್ನು ಈಗ ಕೇಳುವವರಿಲ್ಲದೆ ಕತ್ತರಿಸಿದ ಜಾಗದಲ್ಲೇ ಬದುವಿನ ಮೇಲೆ ಬಿಟ್ಟು ಬರುತ್ತಾರೆ, ಮಳೆಗೆ ತೊಯ್ದು ಸತ್ತ ಪ್ರಾಣಿಯಂತೆ ಬಿದ್ದಿರುತ್ತದೆ. ಅಂಥ ಮನೆಯವನು ಕಡಲಾಚೆಯ ಕುರಿಯ ತುಪ್ಪಳವನ್ನು ತೊಡೆಗೆ ಸುತ್ತಿಕೊಂಡು ಓಡಾಡುತ್ತಿದ್ದೇನೆ.

ನನ್ನ ಅಣ್ಣ ಮಾಳಪ್ಪ ಇವತ್ತಿಗೂ ಹಿಂಡು ಬಿಟ್ಟಿಲ್ಲ. ಪ್ರತಿ ಚಳಿಗಾಲ ಪಡುವಣಕ್ಕೆ, ಕಬ್ಬು ಕಡಿದು ಖಾಲಿಯಾದ ಹೊಲಗಳಿಗೆ ಕುರಿ ಹೊಡೆದುಕೊಂಡು ಹೋಗುತ್ತಾನೆ; ಗೊಬ್ಬರಕ್ಕೆಂದು ರೈತರೇ ಕರೆದು ಹೊಲದಲ್ಲಿ ಹಿಂಡು ಕೂಡಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಬಯಲು, ನೆಲದ ತುಂಬ ಇಬ್ಬನಿ. ಹೋದ ವರ್ಷದಿಂದ ಅವನ ಎದೆಯಲ್ಲಿ ಕಫ ಕಟ್ಟಿದೆ. ಇನ್ನೊಂದು ಚಳಿಗಾಲ ಬಯಲಲ್ಲಿ ಮಲಗಿದರೆ ಎದೆ ತಾಳಲಿಕ್ಕಿಲ್ಲವೆಂದು ಅಥಣಿಯ ಡಾಕ್ಟರು ಹೇಳಿದ್ದನ್ನು ಅವನ ಹೆಂಡತಿ, ನನ್ನ ವೈನಿ, ಫೋನಿನಲ್ಲಿ ಅಳುತ್ತ ತಿಳಿಸಿದಳು. ಅವನು ಮನೆಯಲ್ಲಿ ಕೂರುವವನಲ್ಲ. ಹಾಗಿದ್ದರೆ ಬೆಚ್ಚಗಿನ ಮನೆಯನ್ನೇ ಅವನ ಮೈಗೆ ತೊಡಿಸೋಣ ಎಂದುಕೊಂಡೆ. ಅದೇ ಮೆರಿನೋ ಉಣ್ಣೆಯ ಮೇಲಂಗಿ ಅವನ ಅಳತೆಗೆ ಸಿಗಲಿಲ್ಲ. ಮೇಲಕ್ಕೆ ಕಂಬಳಿ ಇದ್ದೇ ಇದೆ, ಕೆಳಗೆ ಬರಿಯ ಧೋತರ, ಥಂಡಿ ನುಗ್ಗುವುದು ಅಲ್ಲಿಂದಲೇ ಎಂದು ತರ್ಕಿಸಿ ಪೈಜಾಮ ಮಾತ್ರ ತರಿಸಿ, ಬಸ್ಸು ಹಿಡಿದು ಐಗಳಿಗೆ ಹೋದೆ.

ಅಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಮೂಸಿ, ಕೆನ್ನೆಗೆ ಉಜ್ಜಿ ನೋಡಿದ. ಮುಖ ಅರಳಿತು.

“ಮರಿಕಿಂತಾ ಮೆತ್ತಗೈತಲೋ! ಎಲ್ಲೀ ಕುರಿ ಇದು?”

“ಪರದೇಶದ್ದು. ಧೋತರದ ಒಳಗ ಹಾಕ್ಕೊಳ್ಳೂದು, ಚಣ್ಣ ಇದ್ಧಂಗ.”

ಅವನು ಅದನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟ. “ಉಣ್ಣಿ ಸೊಂಟದ ಕೆಳಗ ಹಾಕ್ತಾರೇನೋ ಮಾಸ್ತರಾ? ಸಾಲಿ ಕಲತು ಎಲ್ಲಾ ತೊಳಕೊಂಡ ಬಂದಿ ನೋಡು.”

ಉಣ್ಣೆ ದೇವರದು, ಹೆಗಲಿಗೆ, ತಲೆಗೆ ಹೊದೆಯಬಹುದು, ಹಾಸಬಹುದು, ಆದರೆ ಉಡಬಾರದು. ಇದು ನಮ್ಮ ಮನೆಯ ನೇಮವೆಂದು ಅಣ್ಣ ಹೇಳಿದ, ಒಲೆಯ ಮುಂದಿನಿಂದ ವೈನಿ ಹೌದೆಂದು ತಲೆಯಾಡಿಸಿದಳು. ನನಗೆ ಇಂಥ ನೇಮದ ನೆನಪೇ ಇಲ್ಲ. ಬದಲಿಗೆ ನಿಚ್ಚಳವಾಗಿ ನೆನಪಿದ್ದದ್ದು ಇನ್ನೊಂದು ಚಿತ್ರ: ನಾನಿನ್ನೂ ಶಾಲೆಯ ಹುಡುಗ, ಧೋ ಎಂದು ಮಳೆ, ಅಪ್ಪ ಹಿಂಡು ಹೊಡೆದುಕೊಂಡು ಬರುತ್ತಿದ್ದಾನೆ, ಹಳ್ಳ ದಾಟುವಾಗ ನೀರಿನ ಸೆಳವಿಗೆ ಅವನ ಧೋತರ ತೇಲಿಹೋಗಿದೆ, ಹೆಗಲ ಕಂಬಳಿಯನ್ನೇ ಸೊಂಟಕ್ಕೆ ಸೀರೆಯಂತೆ ಸುತ್ತಿಕೊಂಡು, ನಾಚುತ್ತ, ಓಣಿಯಲ್ಲಿ ನಡೆದು ಬರುತ್ತಿದ್ದಾನೆ, ಓಣಿಗೆ ಓಣಿಯೇ ನಗುತ್ತಿದೆ. ಇದನ್ನು ಹೇಳಿದೆ.

“ಅಪ್ಪ ಹಂಗ ಎಂದೂ ಮಾಡಿಲ್ಲ” ಎಂದ ಅಣ್ಣ, ನನ್ನ ಮುಖ ನೋಡದೆ. “ಎಲ್ಲೋ ಸಿನಿಮಾದಾಗ ನೋಡಿರ್ಬೇಕು ನೀ.”

ವಾದಿಸಬಹುದಿತ್ತು. ಆದರೆ ನೆನಪು ಬಡ ಸಾಕ್ಷಿಯೆಂದು ವಿದ್ಯಾರ್ಥಿಗಳಿಗೆ ಬೋಧಿಸಿ ಬೋಧಿಸಿ ನನ್ನ ನೆನಪಿನ ಮೇಲಿನ ನಂಬಿಕೆಯನ್ನೂ ನಾನು ಕಳೆದುಕೊಂಡಿದ್ದೇನೆ. ನನ್ನ ಮದುವೆಯ ದಿನ ಜೋರು ಮಳೆ ಬಂದಿತ್ತೆಂದು ವರ್ಷಗಟ್ಟಲೆ ವರ್ಣಿಸುತ್ತಿದ್ದವನು ನಾನು. ಫೋಟೋಗಳಲ್ಲಿ ನೋಡಿದರೆ ಬೀಗರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಹೀಗಿರುವಾಗ ಅಪ್ಪನ ಕಂಬಳಿಯನ್ನು ನಾನೇ ನೇಯ್ದಿರಲಾರೆನೆಂದು ಏನು ಖಾತ್ರಿ? ಪೈಜಾಮವನ್ನು ಗೂಟಕ್ಕೆ ತೂಗುಹಾಕಿ ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಒಬ್ಬ ಸತ್ತವನ ಮೇಲೆ ಇಲ್ಲದ ನಗೆಪಾಟಲನ್ನು ಹೊರಿಸಿದೆನೇನೋ ಎಂಬ ಕಸಿವಿಸಿ. ಅದಕ್ಕಿಂತ ಹೆಚ್ಚಾಗಿ, ಎಲ್ಲೂ ಬರೆಯದ ಒಂದು ನೇಮಕ್ಕಾಗಿ ಅಣ್ಣ ಈ ಚಳಿಗಾಲ ಸಾಯಲು ಹೊರಟಿದ್ದಾನಲ್ಲ ಎಂಬ ಸಿಟ್ಟು.

ಅಣ್ಣನ ಹಿಂಡು ಬೇಡಕಿಹಾಳದ ಕಡೆ ಬಂದಿದೆಯೆಂದು ತಿಳಿದಾಗ ನೋಡಲು ಹೋದೆ. ಸಂಜೆಯಾಗುತ್ತಿತ್ತು. ಕಬ್ಬಿನ ರವದಿ, ಒಣಗಿದ ಸೋಗೆ, ಸುಟ್ಟ ಹೊಗೆ ನೆಲಕ್ಕೇ ಅಂಟಿ ನಿಂತಿತ್ತು. ಕುರಿಗಳ ನಡುವೆ ನಿಂತ ಆಕೃತಿಯನ್ನು ಮೊದಲು ಅಣ್ಣನೆಂದು ಗುರುತಿಸಲಾಗಲಿಲ್ಲ. ತಲೆಗೆ ವಿಚಿತ್ರವಾದ ಕಪ್ಪು ರುಮಾಲು, ಅದರಿಂದ ಎರಡು ಉದ್ದನೆಯ ಸೊಂಡಿಲುಗಳು ಕಿವಿಯ ಮೇಲಿನಿಂದ ಇಳಿದು, ಎದೆಯ ಮೇಲೆ ಒಂದರ ಮೇಲೊಂದು ಹಾದು, ಬೆನ್ನ ಹಿಂದೆ ಗಂಟು ಬಿದ್ದಿದ್ದವು. ಹತ್ತಿರ ಹೋದ ಮೇಲೆ ತಿಳಿಯಿತು. ನನ್ನ ಪೈಜಾಮ! ಅದರ ಸೊಂಟಪಟ್ಟಿ ಅವನ ಹಣೆಗೆ ಬಿಗಿದಿತ್ತು.

ನಕ್ಕುಬಿಟ್ಟೆ. ಅವನೂ ನಗಲು ಹೋಗಿ ಕೆಮ್ಮಿನಲ್ಲಿ ಸಿಕ್ಕಿಕೊಂಡ. ಕೆಮ್ಮು ತಗ್ಗುವವರೆಗೆ ನನ್ನ ಭುಜ ಹಿಡಿದು ನಿಂತಿದ್ದ, ಆಮೇಲೂ ಕೈ ತೆಗೆಯಲಿಲ್ಲ.

“ಅವತ್ತೂ ನೀ ಹಿಂಗ ನಕ್ಕಿದ್ದಿ” ಎಂದ.

“ಎಂದು?”

“ಅಪ್ಪ ಕಂಬಳಿ ಉಟಗೊಂಡ ಬಂದ ದಿನ. ನೀ ಹೇಳಿದ್ದು ಖರೇನ ಐತಿ. ಎಲ್ಲಾರೂ ನಕ್ಕಿದ್ವಿ. ಅವ್ವನೂ ನಕ್ಕಳು.” ಕಾಲಿಗೆ ತೊಡರಿದ ಮರಿಯೊಂದನ್ನು ಹಿಂಡಿನತ್ತ ದೂಡಿದ. “ಅವತ್ತ ರಾತ್ರಿ ಜ್ವರಾ ಬಂತು. ಆ ವಾರದಾಗ ಹ್ವಾದ.”

ನನ್ನ ನೆನಪಿನಲ್ಲಿ ಅವು ಬೇರೆ ಬೇರೆ ವರ್ಷಗಳಾಗಿದ್ದವು. ನಗುವ ಓಣಿ ಒಂದು ಕಡೆ, ಅಂಗಳದಲ್ಲಿ ಅಪ್ಪನ ಹೆಣ ಕೂರಿಸಿದ್ದು ಇನ್ನೊಂದು ಕಡೆ. ನಡುವೆ ಯಾವುದೋ ಬೇಸಗೆಗಳನ್ನೂ ಪರೀಕ್ಷೆಗಳನ್ನೂ ನಾನೇ ತುಂಬಿಟ್ಟುಕೊಂಡಿದ್ದೆ. ಚಿಕ್ಕ ಹುಡುಗನೊಬ್ಬ ಅವೆರಡನ್ನೂ ದೂರ ದೂರ ಸರಿಸಿಟ್ಟಿದ್ದ. ಪದವಿಗಳನ್ನು ಪಡೆದ ಮುದುಕ ಅದನ್ನು ಇತಿಹಾಸವೆಂದು ನಂಬಿದ್ದ.

“ಆಮ್ಯಾಲ ಅವ್ವ ಆಣಿ ಹಾಕಿಸಿದ್ಳು, ಉಣ್ಣಿ ಸೊಂಟದ ಕೆಳಗ ಇಳಸಬ್ಯಾಡ್ರಿ ಅಂತ. ನಮ್ಮನಿಯಾಗಷ್ಟ. ಬ್ಯಾರೆ ಕುರುಬರು ಕೇಳಿದ್ರ ನಗ್ತಾರ.” ಪೈಜಾಮದ ಕಾಲನ್ನು ಎದೆಯ ಮೇಲೆ ಒತ್ತಿಕೊಂಡ. “ಮಳಿಯಾಗ ಎದಿ ಬರೇ ಇತ್ತೋ ತಮ್ಮಾ. ಕಂಬಳಿ ಕೆಳಗಿತ್ತು, ಎದಿ ಬರೇ ಇತ್ತು.”

ದೇವರ ಹೆಸರಿನಲ್ಲಿ ಅವ್ವ ಬಚ್ಚಿಟ್ಟದ್ದು ಇಷ್ಟೇ.  ನನ್ನ ನೆನಪು ಗೆದ್ದಿತ್ತು. ಅದು ಸೋತಿದ್ದರೆ ಚೆನ್ನಾಗಿತ್ತು.

ಮನೆಗೆ ಬಾ ಎಂದೆ, ಚಿಕ್ಕೋಡಿಗೆ, ಈ ಒಂದು ಚಳಿಗಾಲವಾದರೂ. ಕುರಿಗಳನ್ನು ಬೇರೆಯವರು ನೋಡಿಕೊಳ್ಳಲಿ ಎಂದೆ.  ಅವನು, ಬಸ್ಸು ತಪ್ಪೀತೆಂದು, ನನ್ನನ್ನು ಬದುವಿನವರೆಗೆ ಕರೆತಂದು ಬಿಟ್ಟ. ಮಂಜು ಇಳಿಯತೊಡಗಿತ್ತು, ಅವನ ಹುಬ್ಬಿನ ಮೇಲೆ ಆಗಲೇ ಹನಿಗಟ್ಟಿತ್ತು.

“ಬೆಚ್ಚಗೈತಿ” ಎಂದ, ಎದೆಯ ಗಂಟನ್ನು ಮುಟ್ಟಿ ತೋರಿಸುತ್ತ. “ಭಾಳ ಬೆಚ್ಚಗೈತಿ, ನೀ ಹೋಗು.”

ಹೋಗು ಎಂಬ ಮಾತು ಪೂರ್ತಿ ಹೊರಗೆ ಬರುವ ಮೊದಲೇ ಕೆಮ್ಮು ಅವನನ್ನು ಬಗ್ಗಿಸಿತು. ಅದು ನನಗೆ ಕೇಳಿಸದಿರಲೆಂದೋ ಏನೋ, ಬಗ್ಗಿದಲ್ಲಿಂದಲೇ ಅವನು ಕುರಿಗಳಿಗೆ ಜೋರಾಗಿ ಕೂಗು ಹಾಕಿದ.