ಹಿಂದಿನ ಸಸ್ಪೆನ್ಷನ್

ಹಾವೇರಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಹೇಮಪ್ಪನವರಿಗೆ ಮನುಷ್ಯರ ನಡತೆಯ ಬಗ್ಗೆಯೂ ಕಾರಿನ ನಡತೆಯ ಬಗ್ಗೆಯೂ ಒಂದೇ ಬಗೆಯ ಖಚಿತ ಅಭಿಪ್ರಾಯಗಳಿದ್ದವು. ಎರಡೂ ನೆಟ್ಟಗಿರಬೇಕು, ನೆಟ್ಟಗಿಲ್ಲದಿದ್ದರೆ ಯಾರಾದರೂ ಎದ್ದು ಹೇಳಬೇಕು, ಆ ‘ಯಾರಾದರೂ’ ಪ್ರತಿಸಲ ತಾವೇ ಆಗಿರುತ್ತಿದ್ದುದು ದೈವಸಂಕಲ್ಪ. ಬಳಗದಲ್ಲಿ ಎಲ್ಲಿಯೇ ಜಗಳವಾಗಲಿ, ಬುಲಾವು ಬರುವ ಮೊದಲೇ ಅವರು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದರು.

ಇಂಥವರಿಗೆ ಐವತ್ತು ದಾಟಿದ ಮೇಲೆ ಆಟೋಕ್ರಾಸ್ ಹುಚ್ಚು ಹಿಡಿಯಿತು. ಬ್ಯಾಡಗಿಯ ಹೊರಗೆ, ಮೆಣಸಿನಕಾಯಿ ಒಣಗಿಸುವ ಬಯಲು ಸುಗ್ಗಿ ಮುಗಿದು ಖಾಲಿಯಾದಾಗ, ಕೆಲವು ವ್ಯಾಪಾರಸ್ಥರು ಸೇರಿ ಅಲ್ಲಿ ಕೇಸರಿ ಬಣ್ಣದ ಪ್ಲಾಸ್ಟಿಕ್ ಶಂಕುಗಳನ್ನು ಅಂಕುಡೊಂಕಾಗಿ ನಿಲ್ಲಿಸುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಅವುಗಳ ನಡುವೆ ನುಸುಳಿ ಯಾರು ಬೇಗ ಬಂದರೋ ಅವರು ಗೆದ್ದಂತೆ. ಶಂಕು ಕೆಡವಿದರೆ ದಂಡ. ಮನೆಯ ಕಾರನ್ನೇ ತಂದು ಯಾರು ಬೇಕಾದರೂ ಓಡಿಸಬಹುದು. ಹೋದ ವರ್ಷ ನೋಡಲು ಹೋಗಿದ್ದ ಹೇಮಪ್ಪನವರಿಗೆ ಓಡಿಸಿದವರೆಲ್ಲರ ತಪ್ಪುಗಳೂ ಕಂಡವು. ಈ ವರ್ಷ ತಾವೇ ಇಳಿದು ಸರಿಯಾದದ್ದನ್ನು ತೋರಿಸಿಕೊಡುವುದೆಂದು ಹಳೆಯ ಸಣ್ಣ ಕಾರೊಂದನ್ನು ಕೊಂಡರು.

ಕಾರಿನ ಮೈಯನ್ನು ಗಾಲಿಗಳ ಮೇಲೆ ಹೊತ್ತು ನಿಲ್ಲಿಸುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಸಂಸಾರಕ್ಕೆ ಸಸ್ಪೆನ್ಷನ್ ಎಂದು ಹೆಸರು. ಗೆಲುವು ಇರುವುದು ಅಲ್ಲಿಯೇ ಎಂದು ಹೇಮಪ್ಪನವರು ಮೊಬೈಲಿನಲ್ಲಿ ನೋಡಿ ಕಲಿತಿದ್ದರು. ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಎರಡೂ ಚಪ್ಪಲಿ ಬಿಚ್ಚಿ, ಅವುಗಳ ತುದಿಗಳನ್ನು ಹೊರಕ್ಕೆ ತಿರುಗಿಸಿಟ್ಟು, ‘ಟೋ-ಔಟ್’ ಎಂದರೆ ಇದು, ಮುಂದಿನ ಗಾಲಿಗಳು ಹೀಗಿದ್ದರೆ ಕಾರು ತಿರುವಿಗೆ ಲಗೂ ಮೂಗು ಹಾಕುತ್ತದೆ ಎಂದು ತೋರಿಸುತ್ತಿದ್ದರು. ಗಾಲಿಯ ತಲೆ ಒಳಕ್ಕೆ ವಾಲಿ ಬುಡ ಹೊರಕ್ಕಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಭಾರ ಎಳೆಯುವ ಎತ್ತು ಕಾಲು ಅಗಲಿಸಿ ನಿಂತಂತೆ. ಕೇಳುವವರ ಚಹಾ ಆರಿಹೋಗುತ್ತಿತ್ತು. ಒಮ್ಮೆ ಅವರು ಬರಿಗಾಲಿನಲ್ಲಿಯೇ ಕಚೇರಿಗೆ ಮರಳಿದ್ದರಿಂದ ಚಪ್ಪಲಿಗಳು ಸಂಜೆಯವರೆಗೆ ಟೋ-ಔಟ್ ಭಂಗಿಯಲ್ಲಿಯೇ ಅಂಗಡಿಯ ಮುಂದಿದ್ದವು.

ಕೆಲಸಕ್ಕೆ ಸಿಕ್ಕವರು ರಾಣೆಬೆನ್ನೂರಿನಲ್ಲಿ ಗಾಲಿ ಹೊಂದಿಸುವ ಅಲೈನ್‌ಮೆಂಟ್ ಅಂಗಡಿಯ ಸಮೀವುಲ್ಲಾ ಸಾಹೇಬರು. ತಿಳಿವಳಿಕೆಯಲ್ಲಿ ಅವರೂ ಹೇಮಪ್ಪನವರಷ್ಟೇ, ಆತ್ಮವಿಶ್ವಾಸದಲ್ಲಿಯೂ ಅಷ್ಟೇ. ಹೇಮಪ್ಪನವರು ಗಟ್ಟಿ ಸ್ಪ್ರಿಂಗು ಬೇಕೆಂದರೆ ಸಾಹೇಬರು ಮೆತ್ತಗಿನದು ಎಂದರು. ಇವರು ಕಾರು ತಗ್ಗಿಸಬೇಕೆಂದರೆ ಅವರು ಎತ್ತಬೇಕೆಂದರು. ಕೊನೆಗೆ ಮುಂದಿನ ಸ್ಪ್ರಿಂಗು ಇವರ ಮಾತಿನಂತೆ, ಹಿಂದಿನ ಶಾಕ್ ಅಬ್ಸಾರ್ಬರು ಅವರ ಮಾತಿನಂತೆ ಎಂದು ಒಪ್ಪಂದವಾಯಿತು. ಒಪ್ಪಂದ ಇಬ್ಬರಿಗೂ ಒಗ್ಗಿತು. ಕಾರನ್ನು ಯಾರೂ ಕೇಳಲಿಲ್ಲ.

ಓಡಾಟಕ್ಕೆ ರಜೆ ಬೇಕಿತ್ತು. ಕಾಗಿನೆಲೆಯಲ್ಲಿರುವ ಅತ್ತೆ ಹಾಸಿಗೆ ಹಿಡಿದಿದ್ದಾರೆ ಎಂದು ಅರ್ಜಿಯಲ್ಲಿ ಬರೆದರು. ನಡತೆ ನೆಟ್ಟಗಿರಬೇಕೆಂಬವರು ಅಪರೂಪಕ್ಕೊಂದು ಸುಳ್ಳು ಹೇಳಿದರೆ ಅದು ಸುಳ್ಳೆನಿಸುವುದಿಲ್ಲ, ಸೌಕರ್ಯವೆನಿಸುತ್ತದೆ.

ಹಾಸಿಗೆ ಹಿಡಿದಿದ್ದ ಅತ್ತೆ ಜಯವ್ವ ಅದೇ ವಾರ ಹೊಲದಿಂದ ಮಗಳಿಗೆ ಫೋನು ಮಾಡಿದರು. ಅಳಿಯ ಎಲ್ಲಿ ಎಂದಾಗ, ಒಗ್ಗರಣೆಯ ಮುಂದಿದ್ದ ನಾಗರತ್ನಾ ಹೇಳಿದ್ದು ಇಷ್ಟು:

“ಸಸ್ಪೆನ್ಷನ್ ಸಲುವಾಗಿ ತಿರಗಾಕತ್ತಾರವ್ವಾ. ಮುಂದಿಂದು ಆತು, ಹಿಂದಿಂದು ಇನ್ನೂ ಉಳದೈತಿ. ಆ ಹಿಂದಿಂದ ಭಾಳ ತ್ರಾಸ ಕೊಡಾಕತ್ತೈತಿ. ರಾಣೆಬೆನ್ನೂರಾಗ ಒಬ್ರು ಸಾಹೇಬ್ರು ಅದಾರ, ಎಲ್ಲಾ ಅವರ ಕೈಯಾಗ ಐತಿ.”

ಸರಕಾರಿ ನೌಕರನ ಮನೆಯಿಂದ ಇಂಥ ಮಾತು ಕೇಳಿದರೆ ಯಾರಿಗೂ ಸ್ಪ್ರಿಂಗು ನೆನಪಾಗುವುದಿಲ್ಲ. ಅಳಿಯ ಸಸ್ಪೆಂಡ್ ಆಗಿದ್ದಾರೆ. ಹಿಂದೆ ಮಾಡಿದ್ದೇನೋ ಈಗ ಹೊರಬಿದ್ದಿದೆ. ಯಾವನೋ ಅಧಿಕಾರಿಯ ಕಾಲು ಹಿಡಿಯುತ್ತಿದ್ದಾರೆ. ಜಯವ್ವ ಹೊಲದ ಕೆಲಸ ಅಲ್ಲಿಗೇ ಬಿಟ್ಟು ಮನೆಗೆ ಹೋಗಿ ರೊಟ್ಟಿ ಬಡಿಯಲು ಕುಳಿತರು.

ಮರುದಿನ ಸಂಜೆ ಹೇಮಪ್ಪನವರು ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಮನೆಗೆ ಬಂದಾಗ ಪಡಸಾಲೆಯಲ್ಲಿ ರೊಟ್ಟಿಯ ಗಂಟು, ಅದರ ಪಕ್ಕ ಜಯವ್ವ, ಬಾಗಿಲ ಬಳಿ ಹೆಂಡತಿಯ ತಮ್ಮ ಫಕ್ಕೀರೇಶ. ಫಕ್ಕೀರೇಶನನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಬಸ್ ಕಂಡಕ್ಟರನಾದ ಅವನು ಎರಡು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ.

ಅಳಿಯನ ಕರಿ ಕೈಗಳನ್ನು ನೋಡಿ ಜಯವ್ವನ ಕಣ್ಣು ತುಂಬಿದವು. ಪೆನ್ನು ಹಿಡಿಯುವ ಕೈಗೆ ಎಂಥ ಗತಿ ಬಂತೆಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದರು:

“ಹಿಂದಿಂದು ಎಲ್ಲಿತನಾ ಬಂತ್ರಿ, ಅಳಿಯಂದ್ರ?”

ಅತ್ತೆಗೆ ತಮ್ಮ ಕಾರಿನ ಬಗ್ಗೆ ಇಷ್ಟು ಕಳಕಳಿ ಇದ್ದದ್ದು ಹೇಮಪ್ಪನವರಿಗೆ ಗೊತ್ತಿರಲಿಲ್ಲ. ಖುಷಿಯಾಯಿತು.

“ಮುಂದಿಂದು ಹೊಂದೇತ್ರಿ. ಹಿಂದಿಂದು ಸಾಹೇಬ್ರು ನಾಳೆ ಪೂರಾ ಬಿಚ್ಚಿ ನೋಡ್ತೇನಿ ಅಂದಾರ.”

ಬಿಚ್ಚಿ ನೋಡುತ್ತಾರೆಂದು ಕೇಳಿ ಜಯವ್ವ ಗೋಡೆಗೆ ಒರಗಿದರು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಫಕ್ಕೀರೇಶ ಹಿಂದೆಯೇ ಬಂದು ತಂಬಿಗೆಯಲ್ಲಿ ನೀರು ಹಾಕತೊಡಗಿದ. ನೀರಿನ ಕಡೆಗೇ ನೋಡುತ್ತ ಹೇಳಿದ:

“ಮಾಮಾರ, ನಾ ಏನೂ ಕೇಳೂದಿಲ್ರಿ. ನೀವು ತಪ್ಪ ಮಾಡಿರೂದಿಲ್ಲ, ನನಗ ಗೊತ್ತೈತಿ. ಒಂದ ಮಾತು. ಮನ್ಯಾಗ ಕುಂದರಬ್ಯಾಡ್ರಿ. ನಾ ಸಸ್ಪೆಂಡ್ ಆದಾಗ ಮದಲ ಮಂದಿ ಕೇಳಾಕರ ಬರ್ತಿದ್ರು. ಆಮ್ಯಾಲ ಯಾರೂ ಬರಲಿಲ್ಲ. ಆವಾಗ ಭಾಳ ತ್ರಾಸ ಆಗತೈತ್ರಿ. ಅದಕ್ಕ ಬಂದೆ.”

ಹೇಮಪ್ಪನವರ ಕೈಯಲ್ಲಿ ಸೋಪು ನಿಂತಿತು. ಹಿಂದಿಂದು, ಮುಂದಿಂದು, ಸಾಹೇಬರು, ರೊಟ್ಟಿ ಎಲ್ಲವೂ ಒಂದಕ್ಕೊಂದು ಕೊಂಡಿ ಕೂಡಿ ಅರ್ಥವಾಯಿತು. ನಗು ಬರಬೇಕಾದ ಜಾಗದಲ್ಲಿ ಹಳೆಯ ಊಟದ ಪಂಕ್ತಿಯೊಂದು ನೆನಪಿಗೆ ಬಂತು.

ಎರಡು ವರ್ಷದ ಹಿಂದೆ ಫಕ್ಕೀರೇಶನ ಬಸ್ಸಿನಲ್ಲಿ ತಪಾಸಣೆಯವರಿಗೆ ಒಬ್ಬ ಮುದುಕ ಟಿಕೆಟ್ ಇಲ್ಲದೆ ಸಿಕ್ಕಿದ್ದ. ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟಿಲ್ಲವೆಂದು ಇವನನ್ನು ಮನೆಗೆ ಕಳಿಸಿದರು. ಅದೇ ದಿನಗಳಲ್ಲಿ ಹೇಮಪ್ಪನವರ ಈ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ ಅವನನ್ನು ನಿಲ್ಲಿಸಿ, ಬೀಗರೆಲ್ಲರ ಮುಂದೆ, ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ, ನಡತೆ ನೆಟ್ಟಗಿದ್ದವನನ್ನು ಸರಕಾರ ಯಾಕೆ ಮನೆಗೆ ಕಳಿಸುತ್ತದೆ ಎಂದು ಹೇಮಪ್ಪನವರು ಸವಿಸ್ತಾರವಾಗಿ ವಿವರಿಸಿದ್ದರು. ಫಕ್ಕೀರೇಶ ಸಾರಿನ ಬಕೆಟ್ಟು ಕೆಳಗಿಟ್ಟು, ಉಣ್ಣದೆ ಹೋದ. ಮುಂದೆ ಮುದುಕ ಟಿಕೆಟ್ ಕಳೆದುಕೊಂಡಿದ್ದನೆಂದು ವಿಚಾರಣೆಯಲ್ಲಿ ತಿಳಿದು ಫಕ್ಕೀರೇಶನಿಗೆ ಕೆಲಸ ಮರಳಿ ಸಿಕ್ಕಿತು. ಸರಕಾರ ತನ್ನ ಆದೇಶ ಹಿಂದಕ್ಕೆ ಪಡೆಯಿತು. ಹೇಮಪ್ಪನವರು ಪಡೆದಿರಲಿಲ್ಲ, ಪಡೆಯಬೇಕೆಂಬುದೇ ಅವರಿಗೆ ಹೊಳೆದಿರಲಿಲ್ಲ.

ಭಾನುವಾರ ಬ್ಯಾಡಗಿಗೆ ಹೋಗೋಣ, ತನ್ನ ಪರವಾಗಿ ಬಡಿದಾಡಿದ ಯೂನಿಯನ್ ಮುಖಂಡ ಮೈಲಪ್ಪನವರು ಅಲ್ಲಿದ್ದಾರೆ, ಅವರ ಮುಂದೆ ಎಲ್ಲ ಹೇಳಿ ಎಂದು ಫಕ್ಕೀರೇಶ ನೀರು ಹಾಕುತ್ತಲೇ ಒತ್ತಾಯಿಸುತ್ತಿದ್ದ. ‘ಸಸ್ಪೆನ್ಷನ್ ಕಾರಿನದಪಾ’ ಎಂದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಇಷ್ಟು ಹೊತ್ತು ಮನಸ್ಸು ಬಿಚ್ಚಿದವನು ನಗೆಪಾಟಲಾಗುತ್ತಾನೆ. ಹೇಳದಿದ್ದರೆ ತಾವು ಅವನ ಮರುಕವನ್ನು ಕದ್ದ ಕಳ್ಳರಾದಂತೆ. ಹೇಮಪ್ಪನವರು ಪಳಗಿದ ನೌಕರರಂತೆ ಕಡತವನ್ನು ಬಾಕಿ ಇಟ್ಟರು. ಭಾನುವಾರ ಬ್ಯಾಡಗಿಯಲ್ಲಿ ತಮಗೇ ಬೇರೆ ಕೆಲಸವಿದೆ ಎಂದಷ್ಟೇ ಗೊಣಗಿದರು.

ಜಯವ್ವ, ಫಕ್ಕೀರೇಶ ಬಸ್ಸು ಹತ್ತಿ ಹೋದ ಮೇಲೆ ನಾಗರತ್ನಾ ಉಳಿದ ರೊಟ್ಟಿ ಡಬ್ಬಿಗೆ ತುಂಬುತ್ತಿದ್ದಳು. ತಾಯಿ ಅಡಿಗೆಮನೆಯಲ್ಲಿ ಪಿಸುಗುಟ್ಟಿದಾಗಲೇ ಅವಳಿಗೆ ಎಲ್ಲ ತಿಳಿದಿತ್ತು. ಹಾಗಾದರೆ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಹೇಮಪ್ಪನವರು ರೇಗಿದರು.

“ನಾ ಹೇಳಿದ್ರ ನಗಚಾಟಿಕಿ ಆಗತೈತಿ. ನೀವ ಹೇಳ್ರಿ,” ಎಂದಳು ನಾಗರತ್ನಾ. “ಅವತ್ತ ಅಂವ ಉಣ್ಣದ ಹೋದಾಗ ನಾ ಬಾಗಲದಾಗ ನಿಂತಿದ್ದೆ.”

ಡಬ್ಬಿಯ ಮುಚ್ಚಳ ಹಾಕಿದಳು. ಎರಡು ವರ್ಷದಲ್ಲಿ ಅವಳು ಆ ದಿನದ ಬಗ್ಗೆ ಆಡಿದ್ದು ಇದೊಂದೇ ಮಾತು.

ವಾರವಿಡೀ ಹೇಮಪ್ಪನವರು ಫೋನು ಕೈಗೆತ್ತಿಕೊಂಡರು, ಕೆಳಗಿಟ್ಟರು. ರಾಣೆಬೆನ್ನೂರಿನಲ್ಲಿ ಸಾಹೇಬರು ಹಿಂದಿನ ಗಾಲಿಗಳನ್ನು ಹೊಂದಿಸುತ್ತ ತಮ್ಮ ಅಭಿಪ್ರಾಯ ಮಂಡಿಸಿದಾಗ ಇವರು ಎದುರಾಡಲೇ ಇಲ್ಲ. ಸಾಹೇಬರು ಗಾಬರಿಯಾಗಿ, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಭಾನುವಾರ ಬ್ಯಾಡಗಿಯ ಬಯಲಿನಲ್ಲಿ ಹಗ್ಗದ ಹೊರಗೆ ಜನ ನೆರೆದಿದ್ದರು. ಮೈಕಿನವನು ಕೂಗಿದ:

“ಮುಂದಿನ ಗಾಡಿ ಹಾವೇರಿ ಹೇಮಪ್ಪನವರದು! ಸಸ್ಪೆನ್ಷನ್ ಪೂರಾ ಹೊಸಾದು, ಸ್ವತಃ ತಾವ ಆರಿಸಿ ಹಾಕಿಸ್ಯಾರ!”

ಮೊದಲನೆಯ ತಿರುವಿಗೆ ಕಾರು ಚಪ್ಪಲಿ ತೋರಿಸಿದಂತೆಯೇ ಚಂದವಾಗಿ ಮೂಗು ಹಾಕಿತು. ಎರಡನೆಯದರಲ್ಲಿ ನೆಲ ತಗ್ಗುದಿಣ್ಣೆ. ಮುಂದಿನ ಗಟ್ಟಿ ಸ್ಪ್ರಿಂಗು ಕಪ್ಪೆಯಂತೆ ಕುಪ್ಪಳಿಸಿತು, ಹಿಂದಿನ ಮೆತ್ತನೆಯ ಶಾಕ್ ಅಬ್ಸಾರ್ಬರು ತೂಗಾಡಿತು, ಹಿಂದಿನದು ಮುಂದೆ ಬಂದು ಕಾರು ಪೂರ್ತಿ ತಿರುಗಿ, ಶಂಕುಗಳನ್ನು ಸಾಲಾಗಿ ಮಲಗಿಸಿ, ಒಂದನ್ನು ಹೊಟ್ಟೆಯಡಿ ಸಿಕ್ಕಿಸಿಕೊಂಡು ನಿಂತಿತು. ಸುಗ್ಗಿಯ ಮೆಣಸಿನಪುಡಿ ಧೂಳಿನೊಂದಿಗೆ ಎದ್ದು ಬಯಲೆಲ್ಲ ಕೆಮ್ಮಿತು.

ಕಣ್ಣು ಒರೆಸಿಕೊಂಡು ನೋಡಿದರೆ, ಹಗ್ಗದಾಚೆ ಫಕ್ಕೀರೇಶ. ಪಕ್ಕದಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರು. ಬ್ಯಾಡಗಿಯಲ್ಲಿ ಕೆಲಸವಿದೆ ಎಂದಿದ್ದ ಮಾಮನನ್ನು ಹುಡುಕಿಕೊಂಡು, ಮೈಲಪ್ಪನವರನ್ನೂ ಕರೆದುಕೊಂಡು ಬಂದಿದ್ದ. ಮೈಕಿನಲ್ಲಿ ಹೆಸರು ಕೇಳಿ ಬಯಲಿಗೆ ತಿರುಗಿದ್ದ. ಇಬ್ಬರೂ ಹಗ್ಗ ದಾಟಿ ಬಂದರು. ಫಕ್ಕೀರೇಶ ಬಗ್ಗಿ, ಅಗಲಿಸಿ ನಿಂತ ಗಾಲಿಯನ್ನು ನೋಡಿದ. ಹೊಸ ಸ್ಪ್ರಿಂಗನ್ನು ಬೆರಳಿನಿಂದ ಮುಟ್ಟಿದ.

“ಇದ ಏನ್ರಿ ಮಾಮಾರ, ಸಸ್ಪೆನ್ಷನ್?”

ಮೈಲಪ್ಪನವರಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಇದರ ವಿಚಾರಣೆ ತಮ್ಮ ಕೈಲಿ ಆಗುವುದಿಲ್ಲಪ್ಪ ಎಂದು ನಗತೊಡಗಿದರು. ಸುತ್ತ ನಿಂತವರೂ ನಕ್ಕರು. ಫಕ್ಕೀರೇಶನೂ ನಗಲು ಬಾಯಿ ತೆರೆದ, ನಗು ಬರಲಿಲ್ಲ. ಹಿತ್ತಲಲ್ಲಿ ತಾನು ಆಡಿದ್ದೆಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಮರಳಿ ಬರುತ್ತಿದ್ದುದು ಹೇಮಪ್ಪನವರಿಗೆ ಕಾಣಿಸಿತು.

ತಾವೂ ನಕ್ಕುಬಿಟ್ಟರೆ ಎಲ್ಲ ತಮಾಷೆಯಲ್ಲಿ ಮುಗಿಯುತ್ತಿತ್ತು. ಅವರು ಕಾರಿನಿಂದ ಇಳಿದರು. ಜೀವಮಾನದಲ್ಲಿ ಮೊದಲ ಸಲ, ಎಲ್ಲರ ಮುಂದೆ, ಸಣ್ಣ ದನಿಯಲ್ಲಿ ಹೇಳಿದರು:

“ಫಕ್ಕೀರೇಶ, ಅವತ್ತ ಪಂಕ್ತ್ಯಾಗ ನಾ ಆ ಮಾತು ಆಡಬಾರದಿತ್ತಪಾ. ಹೋದ ವಾರ ನೀ ನೀರು ಹಾಕಿದಾಗ್ಲೂ ನಾ ಬಾಯಿ ಬಿಡಲಿಲ್ಲ. ಎರಡೂ ತಪ್ಪ.”

ಯಾವ ಪಂಕ್ತಿ ಎಂದು ಯಾರಿಗೂ ತಿಳಿಯದೆ ನಗು ಅಲ್ಲಲ್ಲೇ ನಿಂತಿತು. ಫಕ್ಕೀರೇಶ ಗಾಲಿಯ ಕಡೆಗೇ ನೋಡುತ್ತಿದ್ದ.

“ಮರತೇನಿ ಅನ್ನಾಕ ಬರೂದಿಲ್ರಿ,” ಎಂದ. “ಆದ್ರ ನಾ ನಿಮ್ಮ ಮನಿಗೆ ಬಂದಿದ್ದು ಖರೇನ. ಅದು ನಿಮ್ಮ ಸಸ್ಪೆನ್ಷನ್ನಿನಂಗ ಅಲ್ಲ.”

ಇನ್ನೊಂದು ಸುತ್ತು ಉಳಿದಿದೆ ಎಂದು ಮೈಕು ಕರೆಯುತ್ತಿತ್ತು. ಹೇಮಪ್ಪನವರು ಹೊಟ್ಟೆಯಡಿಯ ಶಂಕು ಎಳೆದು ತೆಗೆದು, ಬಾಗಿಲು ತೆರೆದು ಹಿಡಿದರು. ಮೈಲಪ್ಪನವರು ಅವನ ಬೆನ್ನಿಗೆ ಕೈ ಹಚ್ಚಿ ನೂಕಿದ ಮೇಲೆಯೇ ಫಕ್ಕೀರೇಶ ಒಳಗೆ ಕುಳಿತ.

ಉಳಿದ ಸುತ್ತಿಗೆ ಹೋಗದೆ ಕಾರು ಜಯವ್ವನಿದ್ದ ಕಾಗಿನೆಲೆಯ ದಾರಿ ಹಿಡಿಯಿತು. ಗಟ್ಟಿ ಸ್ಪ್ರಿಂಗು ದಾರಿಯ ಒಂದೊಂದು ಕಲ್ಲನ್ನೂ ಬೆನ್ನೆಲುಬಿಗೆ ಒಪ್ಪಿಸುತ್ತಿತ್ತು. ತಿರುವಿಗೆಂದು ಹೊಂದಿಸಿದ ಗಾಲಿಗಳಿಗೆ ಸೀದಾ ದಾರಿ ಒಗ್ಗದೆ ಕಾರು ಅತ್ತಿತ್ತ ಮೂಗು ಹಾಯಿಸುತ್ತಿತ್ತು. ಹೇಮಪ್ಪನವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಸೀದಾ ಹೋಗುವುದು ಎಷ್ಟು ಕಷ್ಟ ಎಂದು ಅಂಗೈಯಲ್ಲಿ ಅರಿಯುತ್ತ ಹೋದರು.

ಕಾರಿನ ಸಪ್ಪಳಕ್ಕೆ ಜಯವ್ವ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದರು. ಮಗನ ಮೋರೆ ನೋಡಿದರು, ಅಳಿಯನ ಮೋರೆ ನೋಡಿದರು.

“ಹಿಂದಿಂದು ಬಗೀಹರೀತೇನ್ರಿ, ಅಳಿಯಂದ್ರ?”

ಹೇಮಪ್ಪನವರು ಚಪ್ಪಲಿ ಬಿಚ್ಚಿ, ಎರಡನ್ನೂ ಜೋಡಿಸಿ ನೆಟ್ಟಗೆ ಇಟ್ಟರು.

“ಇನ್ನೂ ಇಲ್ರಿ, ಅತ್ತಿ. ಇವತ್ತ ಕೈ ಹಚ್ಚೇನಿ.”