ಕಹಕಶಾನ್ ನಂಬಿದ ತಮ್ಮ

ಮಾನ್ವಿಯ ಕಹಕಶಾನ್ ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವವಳು. ಕಲಿತದ್ದೆಲ್ಲ ಫೋನ್ ನೋಡಿಯೇ. ದೇವದುರ್ಗದ ಬಾಲಮ್ಮ ಮತ್ತವಳ ಓಣಿಯ ಹೆಂಗಸರು ಹಳೆ ಸೀರೆ ಜೋಡಿಸಿ ಹೊಲಿಯುವ ಕೌದಿಗಳನ್ನು ದೂರದೂರಿಗೆ ಮಾರುವ ಸೈಟೂ ಅವಳ ಕೆಲಸವೇ. ಚಂದವಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಆರ್ಡರ್ ಗುಂಡಿ ಒತ್ತಿದರೆ ಜಪ್ಪಯ್ಯ ಎಂದರೂ ಏನೂ ಆಗುತ್ತಿರಲಿಲ್ಲ. ಎಷ್ಟು ತಲೆ ಕೆಡಿಸಿಕೊಂಡರೂ ದೋಷ ಸಿಗಲಿಲ್ಲ.

ಕಡೆಗೆ ವೆಬ್ ಡಿಸೈನ್ ಮಾಡುವವರ ಆನ್‌ಲೈನ್ ಗುಂಪಿನಲ್ಲಿ ಕೇಳಿದಳು. ಶರಣಯ್ಯ ಎಂಬಾತ ಮೊದಲು ಬರೆದ: “ಕೋಡ್ ಇಲ್ಲೇ ಹಾಕ್ರಿ, ಎಲ್ಲಾರೂ ನೋಡ್ಲಿ. ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ್ರಿ.” ನಮಸ್ಕಾರವಿಲ್ಲ, ಅಕ್ಕಾ ಎನ್ನಲಿಲ್ಲ. ಎಂಥ ಒರಟ ಮಾರಾಯ ಎಂದುಕೊಂಡಳು. ಅಷ್ಟರಲ್ಲಿ ವಸೀಮ್ ಎನ್ನುವವನು ಖಾಸಗಿಯಾಗಿ ಮೆಸೇಜ್ ಹಾಕಿದ: “ಆಪಾ, ನಾನೂ ಮಾನ್ವಿಯವನs. ನಿಮ್ಮ ತಮ್ಮ ಅಂತ ತಿಳ್ಕೋರಿ.”

ಅಷ್ಟೇ ಸಾಕಾಯಿತು! ನಮ್ಮ ಕಡೆಯವರ ಹಣೆಬರಹವೇ ಇದು ನೋಡಿ. ಅಕ್ಕಾ ಎಂದವನನ್ನು ‘ಹಿಂದೆ ಯಾರ ಕೆಲಸ ಮಾಡಿದ್ದೀ, ತೋರಿಸು’ ಎಂದು ಕೇಳಲು ನಾಲಿಗೆಯೇ ಏಳುವುದಿಲ್ಲ. ಕಹಕಶಾನ್ ಪಾಸ್‌ವರ್ಡ್ ಕೊಟ್ಟುಬಿಟ್ಟಳು.

ಗುಂಡಿಯೇನೋ ಸರಿಯಾಯಿತು. ಆರ್ಡರುಗಳೂ ಬಂದವು, ದುಡ್ಡೂ ಬಂತು. ಎಲ್ಲ ವಸೀಮನ ನಂಬರಿಗೆ! ಪಾಸ್‌ವರ್ಡ್ ಬದಲಾಗಿತ್ತು, ಅವನು ಫೋನ್ ಎತ್ತುತ್ತಿರಲಿಲ್ಲ. ಕೌದಿ ಸಿಗದ ಗಿರಾಕಿಗಳು ಸೈಟಿನ ಕೆಳಗೆ ‘ಕಳ್ಳಿ’ ಎಂದು ಬರೆಯತೊಡಗಿದರು. ಮೇಲೆ ಬಾಲಮ್ಮ ಕೌದಿ ಹಿಡಿದು ನಗುವ ಫೋಟೋ. ಅದನ್ನು ತೆಗೆಯೋಣವೆಂದರೆ ಒಳಗೆ ಹೋಗಲು ದಾರಿಯೇ ಇಲ್ಲ. ಬಾಲಮ್ಮನ ಫೋನ್ ಬಂದರೆ ಕಹಕಶಾನ್ ಎತ್ತುತ್ತಿರಲಿಲ್ಲ.

ನಾಚಿಕೆ ಬಿಟ್ಟು ಶರಣಯ್ಯನಿಗೇ ಬರೆದಳು. ಆತ ಆಗಲೂ ಸಮಾಧಾನ ಹೇಳಲಿಲ್ಲ. “ಸೈಟ್ ಇಟ್ಟ ಕಂಪನಿಗೆ, ಪೊಲೀಸರಿಗೆ ದೂರು ಕೊಟ್ರ ಬಂದ್ ಮಾಡಿಸಬಹುದು. ಆದ್ರ ಸೈಟ್ ಬಾಲಮ್ಮನವರ ಹೆಸರಿಗೆ ಐತಿ, ದೂರು ಅವರs ಕೊಡಬೇಕು. ಮದಲು ಅವರಿಗೆ ಖರೇ ಹೇಳ್ರಿ.”

ಬೇರೆ ದಾರಿ ಉಳಿದಿರಲಿಲ್ಲ. ದೇವದುರ್ಗದ ಬಸ್ ಹತ್ತಿದಳು. ಬಾಲಮ್ಮನ ಎದುರು ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದಳು.

“ಅಂವ ಯಾರು, ಎಂಥವ, ಏನೂ ಕೇಳಲಿಲ್ಲೇನ ಮಗಳ?”

“ಆಪಾ ಅಂದ ಯವ್ವಾ. ಕೇಳಾಕ ಬಾಯಿ ಬರಲಿಲ್ಲ.”

ಬಾಲಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ದೂರು ಕೊಡಲು ಎದ್ದು ನಿಂತಳು.

“ನೀನೂ ಯವ್ವಾ ಅಂದಿದ್ದಿ,” ಎಂದಳು. “ನಾವೂ ಏನೂ ಕೇಳಲಿಲ್ಲ.”